ಪಾಪಾ, ಪಾಪಾ

ಕುರಿಯಾತಿನ ಮೀನು ಮಾರ್ಕೆಟಿನ ಹಿಂದೆ ನಮ್ಮ ಅಂಗಡಿ.
ಸ್ಟಿಕರು, ಬೋರ್ಡು, ರಬ್ಬರ್ ಸ್ಟಾಂಪು.
ಅರಬಿಯನ್ನು ಬಲದಿಂದ ಎಡಕ್ಕೆ, ಉಳಿದದ್ದನ್ನು ಎಡದಿಂದ ಬಲಕ್ಕೆ
ಕತ್ತರಿಸಿ ಕತ್ತರಿಸಿ
ಹನ್ನೊಂದು ವರ್ಷದಲ್ಲಿ ನನ್ನ ತೋರುಬೆರಳು ಓರೆ.

ಖಲ್ಫಾನ್ ಬಂದದ್ದು ಒಂದು ಮಧ್ಯಾಹ್ನ,
ಕರೆಂಟ್ ಆಫೀಸಿನಿಂದ ರಿಟೈರಾದವ,
ಗಾಡಿಯ ನೆತ್ತಿಯಲ್ಲಿ ಗಾಳದ ಕೋಲಿನಂಥ ಏರಿಯಲ್ಲು.
'ಒಂದು ಪ್ಲೇಟು ಬೇಕು.'
'ನಂಬರ್ ಪ್ಲೇಟು ಪೊಲೀಸರು ಕೊಡುವುದು, ನಾನು ಮಾಡಿದರೆ
ನನ್ನನ್ನು ಊರಿಗೆ ಕಳಿಸುತ್ತಾರೆ.'
ನಕ್ಕ. 'ಆ ಹಳದಿ ನಂಬರು ಗಾಡಿಯದು. ಇದು ನನ್ನದು.
ಹಿಂದಿನ ಗಾಜಿನ ಒಳಗೆ ಇಡುತ್ತೇನೆ.'
ಚೀಟಿಯಲ್ಲಿ ಬರೆದುಕೊಟ್ಟ: ಎ, ನಾಲ್ಕು, ಆಮೇಲೆ ಇನ್ನಷ್ಟು.
ಕೊನೆಯ ಎರಡಕ್ಷರ ಇಲ್ಲಿ ಹೇಳುವುದಿಲ್ಲ.
ಲೋಕದಲ್ಲಿ ಆ ಕರೆಹೆಸರು ಇನ್ನೊಬ್ಬರಿಗಿಲ್ಲವಂತೆ.
ನನ್ನ ಹೆಸರಿನವರು ನಮ್ಮ ರೂಮಿನಲ್ಲೇ ಇಬ್ಬರು.

ಕಾಯುತ್ತ ಕೂತವನು ಬೆರಳಲ್ಲಿ ಮೇಜು ಕುಟ್ಟಿದ,
ಗಿಡ್ಡ, ಉದ್ದ, ಉದ್ದ, ಗಿಡ್ಡ.
ಎಂಟನೇ ಕ್ಲಾಸಿನ ಶಂಭು ಮಾಸ್ತರು ಎದ್ದು ಬಂದರು:
ಲಘು, ಗುರು, ಗುರು, ಲಘು.
ಪ್ರಸ್ತಾರ ತಪ್ಪಿ ಬೆಂಚಿನ ಮೇಲೆ ನಿಂತವ ನಾನು.
'ಅಪಾಯವಾದರೆ ಹೇಗೆ?' ಕೇಳಿದೆ. ಕುಟ್ಟಿದ.
ನಗಣ, ಮಗಣ, ನಗಣ.
ಅಷ್ಟು ಸಣ್ಣ ಪದ್ಯವನ್ನು ಮಾಸ್ತರು ಕಲಿಸಿರಲಿಲ್ಲ.

ಪ್ಲೇಟಿನಲ್ಲಿ ನಾಲ್ಕು ಒಂದು ಕೂದಲೆಳೆ ವಾಲಿತು.
ಅವನು ನೋಡಿದ. ನಾನು ನೋಡಿದ್ದನ್ನೂ ನೋಡಿದ.
ದುಡ್ಡು ಪೂರಾ ಕೊಟ್ಟ.

ವಾದಿ ಅಂದರೆ ನಮ್ಮಲ್ಲಿ ಕೋರ್ಟಿಗೆ ಹೋದವನು,
ಇಲ್ಲಿ ಒಣಹೊಳೆ, ಬರೀ ಕಲ್ಲು.
ಬಿರುಗಾಳಿಯ ರಾತ್ರಿ ಎರಡೂ ಒಂದೇ ಆಯಿತು:
ಈ ಜಾಗ ನನ್ನದು, ಈ ರಸ್ತೆ ನನ್ನದು,
ಈ ಅಂಗಡಿ ಎಂದೋ ನನ್ನದು
ಎನ್ನುತ್ತ ಗುಡ್ಡದಿಂದ ಇಳಿದು ಬಂತು.
ಎದುರಿನಿಂದ ಸಮುದ್ರ.

ಹೆಣ್ಣುಮಕ್ಕಳ ಶಾಲೆಯ ಮಹಡಿಯಲ್ಲಿ ನೂರನಲವತ್ತು ಜನ.
ಎಲ್ಲರ ಕೈಯಲ್ಲೂ ಮೊಬೈಲು, ಸತ್ತ ಚಪ್ಪಡಿಗಳು.
ಖಲ್ಫಾನನನ್ನು ಯಾರೂ ಕರೆದಿರಲಿಲ್ಲ.
ಧ್ವಜದ ಕಂಬದಿಂದ ನೀರಿನ ಟ್ಯಾಂಕಿಗೆ ತಂತಿ ಬಿಗಿದು,
ಗಾಡಿಯ ಬ್ಯಾಟರಿಯನ್ನು ಮಗುವಿನಂತೆ ಎತ್ತಿಕೊಂಡು ಬಂದ.
ಯಾರದೋ ಲೆಕ್ಕದ ಪುಸ್ತಕದಲ್ಲಿ ಹೆಸರು ಬರೆದ,
ಒಂದೊಂದನ್ನೂ ಬಿಡಿಸಿ ಬಿಡಿಸಿ ಕತ್ತಲೆಗೆ ಹೇಳಿದ:
ಸಿಲ್ಹೆಟ್ಟಿನ ಗಾರೆಯವನು, ಕೊಟ್ಟಾಯಂ ನರ್ಸು,
ಸಿಬುವಿನ ಅಡುಗೆಯವಳು, ಅವಳ ಹೆಸರು ಮುಗಿಯುವುದೇ ಇಲ್ಲ.

ನನ್ನ ಸರದಿ.
ಮೈಕ್. ಆಸ್ಕರ್. ನವೆಂಬರ್. ಆಲ್ಫಾ.
ಪಾಪಾ. ಪಾಪಾ. ಆಲ್ಫಾ.
ಮೋನಪ್ಪ ಎಂಬ ಹೆಸರಿನ ಹೊಟ್ಟೆಯಲ್ಲಿ
ಎರಡು ಪಾಪ ಇವೆ ಎಂದು
ನಲವತ್ತು ವರ್ಷ ನನಗೇ ಗೊತ್ತಿರಲಿಲ್ಲ.
ಎರಡು ಸಲ ಅಂದ, ಗಾಳಿ ನುಂಗಿದ್ದಕ್ಕೆ ಮೂರನೆಯ ಸಲವೂ ಅಂದ.
ನನ್ನನ್ನು ಯಾರೂ ಅಷ್ಟು ಹೊತ್ತು ಕರೆದದ್ದಿಲ್ಲ.

ಕರಕರ ಸದ್ದಿನ ಆಚೆ, ಕಡಲಿನ ಆಚೆ, ಒಂದು ಹೆಂಗಸಿನ ದನಿ.
'ಬಾರಕೂರು. ಜಲಜಾಕ್ಷಿ. ಕೇಳಿಸುತ್ತಿದೆ ಮಾರಾಯ್ರೆ,
ಸುದ್ದಿ ಸಣ್ಣದಾಗಿ ಹೇಳಿ. ಓವರ್.'
ಹನ್ನೊಂದು ವರ್ಷದ ಮಾತು ಬಾಯಿತನಕ ಬಂದು ನಿಂತಿತು.
'ಒಣಗಿದ್ದೇನೆ. ಚಪ್ಪಲಿ ಹೋಯಿತು.'
ಓವರ್ ಅನ್ನಲು ಮರೆತೆ. ಖಲ್ಫಾನ್ ಅಂದ.
ಅವಳ ಹಿಂದೆ ಒಂದು ಹುಂಜ ಕೂಗಿತು.
ಅಲ್ಲಿ ಬೆಳಗು. ನಮಗೆ ಇನ್ನೂ
ಒಂದೂವರೆ ಗಂಟೆ ಕತ್ತಲೆ ಬಾಕಿ.

ಐದು ದಿನ ಬಿಟ್ಟು ಲೈನು ಸಿಕ್ಕಾಗ ಹೆಂಡತಿ ಕೇಳಿದ್ದು:
'ಯಾರದು? ಹೆಸರು ಕೇಳಿದರೆ ನಂಬರು ಹೇಳಿದಳು.'
ಆಮೇಲೆ, 'ಚಪ್ಪಲಿ ತಗೊಂಡ್ರಾ?'

ನಾಲ್ಕನ್ನು ನೆಟ್ಟಗೆ ಮಾಡಿಕೊಡುತ್ತೇನೆ ಎಂದಿದ್ದೆ.
ಬೇಡ ಅಂದ, ವಾಲಿದ್ದು ಗಾಳಿಗೆ ಅಂತ ಜನ ತಿಳಿದುಕೊಳ್ಳಲಿ.
ಈಗಲೂ ಅಂಗಡಿ ಮುಂದೆ ಹಾದರೆ ಹಾರ್ನು ಒತ್ತುತ್ತಾನೆ,
ಉದ್ದ, ಉದ್ದ.
ಅದು ನನ್ನ ಮೊದಲ ಅಕ್ಷರ. ಗುರು, ಗುರು.
ತಲೆ ಎತ್ತದೆ
ಬ್ಲೇಡು ಎತ್ತಿ ತೋರಿಸುತ್ತೇನೆ.